ಬೋರಲು ಮಲಗಿ ಕೇಳಿದ ಕಾದಂಬರಿಗಳು

ಹೋದ ವಾರ ಪರಿಚಯದವರೊಬ್ಬರ ಮನೆಗೆ ಹೋಗಿ, ನಾಗಸಂದ್ರದಲ್ಲಿ ಮೆಟ್ರೋ ಹತ್ತಿದ್ದೆ. ಪಕ್ಕದ ಸೀಟಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕ ಓದುತ್ತಿದ್ದಳು. ಪುಟಗಳ ಅಂಚಿಗೆಲ್ಲ ನೇರಳೆ ಬಣ್ಣ ಬಳಿದಿತ್ತು. ರಟ್ಟಿನ ಮೇಲೆ ಹೊಂಬಣ್ಣದ ಅಕ್ಷರ, ಅಕ್ಷರಗಳ ನಡುವೆ ರೆಕ್ಕೆ ಬಿಚ್ಚಿದ ಒಂದು ಡ್ರ್ಯಾಗನ್, ಅದರ ಕೆಳಗೆ ಕರಿ ಕೋಟಿನ ಒಬ್ಬ ಹುಡುಗ. ನನಗೆ ತಡೆಯಲಾಗಲಿಲ್ಲ. ಬಗ್ಗಿ ಕೇಳಿದೆ:

"ಆ ಕರಿ ಕೋಟಿನಾವ ಬೆಟ್ಟದ ಮ್ಯಾಲಿಂದ ಬಿದ್ದನೇನವಾ?"

ಹುಡುಗಿ ಕಿವಿಯಲ್ಲಿದ್ದ ಇಯರ್‌ಫೋನ್ ಕಿತ್ತು ನನ್ನನ್ನು ನೋಡಿದಳು. ದಪ್ಪ ಕನ್ನಡಕ, ಇಳಕಲ್ ಸೀರೆ, ಮಡಿಲಲ್ಲಿ ಕರಿಬೇವಿನ ಕಟ್ಟು ಇಣುಕುವ ಬಟ್ಟೆ ಚೀಲ. ಅವಳ ಕಣ್ಣು ಅಗಲವಾದವು. "ಆಂಟೀ! ಬೀಳ್ತಾನಾ? ಹೇಳ್ಬೇಡಿ, ಪ್ಲೀಸ್, ನಾನಿನ್ನೂ ಅಲ್ಲಿಗ್ ಬಂದಿಲ್ಲ!" ಎಂದು ಎರಡೂ ಕಿವಿ ಮುಚ್ಚಿಕೊಂಡಳು. ನಾನು ಹೇಳಬಾರದ್ದನ್ನು ಹೇಳಿಯಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಸಮಾಧಾನ ತಂದುಕೊಂಡು, "ನೀವ್ ಇದೆಲ್ಲ ಓದ್ತೀರಾ ಆಂಟಿ?" ಎಂದಳು.

"ಓದಿಲ್ಲವಾ. ಕೇಳೀನಿ" ಎಂದೆ.

ಅವಳು ಇನ್ನೇನೋ ಕೇಳುವಷ್ಟರಲ್ಲಿ ನಾನು ಇಳಿಯುವ ನಿಲ್ದಾಣ ಬಂತು. ಅವಳಿಗೆ ಹೇಳಲಾಗದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ಇಳಿಯುವ ಅವಸರವಿಲ್ಲ ಎಂದುಕೊಂಡಿದ್ದೇನೆ.

ನಾನು ಕರಡು ತಿದ್ದುವವಳು. ಯಶವಂತಪುರದ ಒಂದು ಅಚ್ಚುಕೂಟದಲ್ಲಿ ಅನೇಕ ವರ್ಷಗಳಿಂದ ಊರವರ ಕಾಗುಣಿತ ತಿದ್ದಿಕೊಂಡು ಬಂದಿದ್ದೇನೆ. ಮದುವೆಯಾಗಿ ಗದಗಿನಿಂದ ಇಲ್ಲಿಗೆ ಬಂದವಳು, ಗಂಡ ತೀರಿಕೊಂಡ ಮೇಲೆ ಇದೇ ಕೆಲಸದಲ್ಲಿ ಮಗನನ್ನು ಓದಿಸಿದೆ. ನನ್ನ ಎಡಗಣ್ಣು ಹುಟ್ಟಿದಾಗಿನಿಂದ ಸೋಮಾರಿ. ಬೆಳಕಿದೆ, ಆಕಾರವಿದೆ, ಅಕ್ಷರ ಮಾತ್ರ ಹತ್ತುವುದಿಲ್ಲ. ಹಾಗಾಗಿ ಇಷ್ಟು ವರ್ಷ ನಾನು ಓದಿದ್ದೆಲ್ಲ ಬಲಗಣ್ಣೊಂದರಿಂದಲೇ. ಸಂಸಾರವನ್ನೂ ಓದನ್ನೂ ಒಬ್ಬರೇ ಎಳೆಯುವುದು ನಮ್ಮ ಮನೆಯ ವಾಡಿಕೆ ಎಂದು ನಾನೇ ನಗೆಯಾಡುತ್ತಿದ್ದೆ.

ಆ ಬಲಗಣ್ಣು ಒಂದು ಮಧ್ಯಾಹ್ನ ಕೈಕೊಟ್ಟಿತು. ಯಾವುದೋ ಅಡುಗೆ ಪುಸ್ತಕದ ಕರಡು ನೋಡುತ್ತಿದ್ದೆ. ಪುಟದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಕಾಗದ ಕೊಡವಿದೆ, ಹೋಗಲಿಲ್ಲ. ತಲೆಯೆತ್ತಿ ಗೋಡೆ ನೋಡಿದರೆ ಸಾಸಿವೆ ಗೋಡೆಯ ಮೇಲೂ ಇತ್ತು. ಮರುದಿನದ ಹೊತ್ತಿಗೆ ಒಂದು ಬದಿಯಿಂದ ಯಾರೋ ಕಪ್ಪು ಪರದೆ ಎಳೆಯುತ್ತ ಬಂದಂತಾಯಿತು. ಹೆಬ್ಬಾಳದ ಆಚೆಯ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ದೀಪ ಹಿಡಿದು ನೋಡಿ, ಕಣ್ಣಿನ ಒಳಪದರ ಕಳಚಿಕೊಂಡಿದೆ, ಕೂಡಲೇ ಆಪರೇಷನ್ ಆಗಬೇಕು ಎಂದರು. ಆಪರೇಷನ್ ಆಯಿತು. ಕಣ್ಣಿನೊಳಕ್ಕೆ ಒಂದು ಗಾಳಿಗುಳ್ಳೆ ಬಿಟ್ಟಿದ್ದೇವೆ, ಅದು ಕಳಚಿದ ಪದರವನ್ನು ಒತ್ತಿ ಹಿಡಿಯಬೇಕು, ಆದ್ದರಿಂದ ನೀವು ಮುಖ ಕೆಳಗೆ ಮಾಡಿಕೊಂಡೇ ಇರಬೇಕು ಎಂದರು. ಕೂತರೂ ಹಾಗೇ, ಉಂಡರೂ ಹಾಗೇ, ಮಲಗಿದರಂತೂ ಬೋರಲು.

ಮಗ ಪ್ರಸನ್ನ ಬ್ಯಾಂಕಿನವನು. ಆಗ ಅವನನ್ನು ರಾಯಚೂರಿನ ಶಾಖೆಗೆ ಹಾಕಿದ್ದರು. ಆಪರೇಷನ್ ಹೊತ್ತಿಗೆ ಬಂದಿದ್ದ, ರಜೆ ಮುಗಿದು ಹೊರಟುಹೋದ. ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಉಳಿದವರು ಇಬ್ಬರೇ, ನಾನು ಮತ್ತು ಸೊಸೆ ಚೈತ್ರ.

ಚೈತ್ರ ಪಶುವೈದ್ಯೆ. ಹೆಬ್ಬಾಳದ ಕಾಲೇಜಿನಲ್ಲಿ ಮುಂದಿನ ಓದು ಓದುತ್ತಿದ್ದಳು, ಆ ತಿಂಗಳು ಪರೀಕ್ಷೆಗೆ ಓದಿಕೊಳ್ಳುವ ರಜೆ. ತವರು ಯಲಹಂಕದ ಆಚೆಯ ಒಂದು ಹಳ್ಳಿ, ಈಗ ಹೊಲಗಳಿದ್ದಲ್ಲೆಲ್ಲ ಅಪಾರ್ಟ್‌ಮೆಂಟು. ಅವಳಾಗಿ ಮೆಚ್ಚಿ, ಪ್ರಸನ್ನನೂ ಮೆಚ್ಚಿ, ಎರಡೂ ಮನೆಯವರು ಒಪ್ಪಿ ಆದ ಮದುವೆ. ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಜಗಳಕ್ಕೂ ಒಂದಿಷ್ಟು ಸಲಿಗೆ ಬೇಕಲ್ಲ. ಅವಳು ನನ್ನ ಜೋಳದ ರೊಟ್ಟಿ ತಿಂದು "ತುಂಬಾ ಚೆನ್ನಾಗಿದೆ ಅತ್ತೆ" ಅನ್ನುತ್ತಿದ್ದಳು. ನಾನು ಅವಳ ರಾಗಿಮುದ್ದೆ ನುಂಗಿ "ಭಾಳ ಚಲೋ ಆಗೇದವಾ" ಅನ್ನುತ್ತಿದ್ದೆ. ಇಬ್ಬರೂ ಸುಳ್ಳು ಹೇಳುತ್ತಿದ್ದೆವು. ಆಮೇಲೆ ಅವಳು ಅವಳ ಕೋಣೆಗೆ, ನಾನು ನನ್ನ ಕರಡಿಗೆ.

ಬೋರಲು ಮಲಗುವುದು ಏನು ಮಹಾ ಎನ್ನುತ್ತೀರಾ? ಒಂದು ಬೆಳಗಿನ ಮಟ್ಟಿಗೆ ಏನೂ ಅಲ್ಲ. ಮಂಚದ ತುದಿಯಲ್ಲಿ ದಿಂಬು ಜೋಡಿಸಿ, ಹಣೆಯೂರಿ, ಸೋಮಾರಿ ಕಣ್ಣಿನಿಂದ ನೆಲದ ಮೊಸಾಯಿಕ್ಕಿನ ಚುಕ್ಕೆಗಳನ್ನು ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಒಂದು ಕೋಳಿ, ಒಂದು ಕೊಡೆ, ನಮ್ಮ ಅಚ್ಚುಕೂಟದ ಯಜಮಾನರ ಮೂಗು ಎಲ್ಲವೂ ಕಂಡಾಯಿತು. ಸಂಜೆಗೆ ಅಳು ಬಂತು. ಅಳಬಾರದು, ಕೆಮ್ಮಬಾರದು, ತಲೆ ಅಲ್ಲಾಡಿಸಬಾರದು. ಸ್ವಲ್ಪ ಮಿಸುಕಿದರೂ ಚೈತ್ರ ಬಂದು ನಿಲ್ಲುತ್ತಿದ್ದಳು: "ಅತ್ತೆ, ಅಲ್ಲಾಡ್ಬೇಡಿ. ನಮ್ ಕಾಲೇಜಿಗ್ ಬರೋ ಎಮ್ಮೆಗಳೂ ಇಷ್ಟ್ ಹಠ ಮಾಡಲ್ಲ." ಹೇಳಿದ ಮರುಕ್ಷಣವೇ ಹೆದರಿ, "ಸಾರಿ ಅತ್ತೆ" ಎಂದಳು. ಆ ಎಮ್ಮೆಯ ಮಾತೇ ನನಗೆ ಆ ದಿನ ಹಿಡಿಸಿದ್ದು, ಸಾರಿ ಅಲ್ಲ.

ನನ್ನ ಒದ್ದಾಟ ನೋಡಲಾರದೆ ಅವಳೇ ಓದಿ ಹೇಳುತ್ತೇನೆಂದು ಮುಂದೆ ಬಂದಳು. ನನ್ನ ಕಪಾಟಿನಿಂದ ಒಂದು ದೊಡ್ಡ ಕನ್ನಡ ಕಾದಂಬರಿ ತಂದು ಕೂತಳು. ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗಿ. ಬಸ್ಸಿನ ಬೋರ್ಡು, ಮದುವೆ ಕಾಗದ ಓದಬಲ್ಲಳು, ಒತ್ತಕ್ಷರ ಸಾಲಾಗಿ ಬಂದರೆ ಎಡವುವಳು. ನಾನೋ ಹುಟ್ಟಾ ಕರಡು ತಿದ್ದುವವಳು, ಬೋರಲು ಮಲಗಿದ್ದರೂ ಬಾಯಿ ಸುಮ್ಮನಿರಲಿಲ್ಲ. "ಅದು ಧ ಅಲ್ಲ, ದ." "ಅಲ್ಲೆ ಒಂದು ಅಲ್ಪವಿರಾಮ ಇರಬೇಕು ನೋಡು." ಎರಡು ಪುಟ ದಾಟುವಷ್ಟರಲ್ಲಿ ಅವಳ ದನಿ ಇಳಿದು ಇಳಿದು ನಿಂತೇಹೋಯಿತು. "ನಾಳೆ ಓದ್ಲಾ ಅತ್ತೆ?" ಎಂದು ಪುಸ್ತಕ ಮುಚ್ಚಿ ತನ್ನ ಕೋಣೆಗೆ ಹೋದಳು.

ಮರುದಿನ ಊಟದ ಮೇಲೆ ಪಕ್ಕದ ಕೋಣೆಯಿಂದ ಬಿಕ್ಕುವ ಸದ್ದು ಕೇಳಿಸಿತು. ರಾಯಚೂರಿನ ದಾರಿ, ಪ್ರಸನ್ನನ ಬೈಕು ಎಲ್ಲ ಒಮ್ಮೆಗೇ ತಲೆಗೆ ಬಂದವು.

"ಚೈತ್ರಾ! ಯಾಕವಾ, ಏನಾತು? ಯಾರ ಫೋನ್ ಬಂದಿತ್ತೇನು?"

ಅವಳು ಮೂಗೊರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. "ಏನೂ ಇಲ್ಲ ಅತ್ತೆ. ಅವ್ನು ಸತ್ತೋದ."

"ಯಾರವಾ? ಯಾರು ಸತ್ರು?"

"ಪುಸ್ತಕದಲ್ಲಿ ಅತ್ತೆ. ಬೆಟ್ಟದಿಂದ ಬಿದ್ಬಿಟ್ಟ."

ಹೋದ ಜೀವ ಬಂತು. ಜೀವ ಬಂದ ಮೇಲೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ಕುತೂಹಲ. ಇಷ್ಟು ದೊಡ್ಡ ಹುಡುಗಿ, ದನದ ಹೊಟ್ಟೆ ಕೊಯ್ದು ಕರು ತೆಗೆಯುವವಳು, ಕಾಗದದ ಮೇಲಿನ ಯಾವನಿಗಾಗಿ ಹೀಗೆ ಅಳುತ್ತಾಳೆ? "ಬಾ ಇಲ್ಲೆ, ಕೂಡು" ಎಂದೆ. "ಯಾರವಾ? ಮೊದಲಿಂದ ಹೇಳು ನೋಡೋಣು."

ಅವಳು ನಾಚಿಕೊಂಡಳು. ಅದೆಲ್ಲ ಹದಿನಾರು ಹದಿನೇಳರ ಮಕ್ಕಳು ಓದುವ ಪುಸ್ತಕ ಅತ್ತೆ, ಲವ್ ಸ್ಟೋರಿ, ಮಂತ್ರ ಮಾಟ, ನಿಮ್ಮಂಥವರಿಗಲ್ಲ ಎಂದಳು. ನಿಮ್ಮಂಥವರಿಗೆ ನೆಲದ ಮೇಲಿನ ಕೋಳಿ ಒಂದೇ ಗತಿಯಾಗಿದೆ, ಹೇಳು ಎಂದೆ. ಅವಳು ಮಂಚದ ಪಕ್ಕ ನೆಲದ ಮೇಲೇ ಕೂತಳು. ಹೀಗೆ ನಮ್ಮ ತಿಂಗಳು ಶುರುವಾಯಿತು.

ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಪುಟ ಮನಸ್ಸಿನಲ್ಲೇ ಓದಿಕೊಳ್ಳುವಳು, ಆಮೇಲೆ ಅದನ್ನು ತನ್ನ ಕನ್ನಡದಲ್ಲಿ ಹೇಳುವಳು. ಒಬ್ಬ ರಾಜ, ಅವನ ರಾಜ್ಯದಲ್ಲಿ ಹದಿನೆಂಟು ತುಂಬಿದವರೆಲ್ಲ ತಮ್ಮ ನೆರಳನ್ನು ಬೊಕ್ಕಸಕ್ಕೆ ಕೊಡಬೇಕು. ಒಬ್ಬಳು ಹುಡುಗಿ, ಅವಳ ನೆರಳು ಮಾತ್ರ ನಾನು ಹೋಗಲೊಲ್ಲೆ ಎಂದು ಕಾಲಿಗೆ ಕಚ್ಚಿಕೊಂಡು ಕೂರುತ್ತದೆ. ನೆರಳು ವಸೂಲಿಗೆ ಬರುವವನೇ ಈ ಕರಿ ಕೋಟಿನವನು. ಹೆಸರು ಏನೋ ಇತ್ತು, ನನ್ನ ನಾಲಿಗೆಗೆ ಹೊರಳಲಿಲ್ಲ. ಕರಿ ಕೋಟು ಎಂದೇ ಗೊತ್ತು ಮಾಡಿಕೊಂಡೆವು.

"ವಯಸ್ಸೆಷ್ಟು ಅವಗ?"

"ಇನ್ನೂರು ಅತ್ತೆ. ನೋಡೋಕೆ ಇಪ್ಪತ್ತು."

"ಇನ್ನೂರು ವರ್ಷದಾವಗ ಹದಿನೆಂಟರ ಹುಡುಗಿ ಯಾಕ ಬೇಕು? ಅವನ ಓರಗೆಯವರು ಯಾರೂ ಇಲ್ಲೇನು?"

"ಅದೇ ಅತ್ತೆ ಈ ಬುಕ್ಸ್‌ದೆಲ್ಲಾ ಪ್ರಾಬ್ಲಮ್ಮು!" ಎಂದು ಚೈತ್ರ ಎಷ್ಟು ನಕ್ಕಳೆಂದರೆ ನನಗೂ ನಗು ಬಂತು. "ನಗ್ಬೇಡಿ, ನಗ್ಬೇಡಿ, ಕಣ್ಣು!" ಎಂದು ಅವಳೇ ನನ್ನ ತಲೆ ಹಿಡಿದಳು. ಅವಳು ನನ್ನನ್ನು ಸಲಿಗೆಯಿಂದ ಮುಟ್ಟಿದ್ದು ಅದೇ ಮೊದಲು.

ಆ ಪುಸ್ತಕದ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಎಲ್ಲದರಲ್ಲೂ ಹುಡುಗಿಗೆ ಹದಿನೆಂಟೇ, ತಾಯಿ ತಂದೆ ಇರುವುದಿಲ್ಲ, ಅವಳಿಗೆ ತಾನು ಚೆಂದವಿದ್ದೇನೆಂದು ಗೊತ್ತಿರುವುದಿಲ್ಲ, ಉಳಿದ ಎಲ್ಲರಿಗೂ ಗೊತ್ತಿರುತ್ತದೆ. ಹುಡುಗನಿಗೆ ಮೊದಲು ಸಿಟ್ಟು, ಆಮೇಲೆ ಜ್ವರ, ಆಮೇಲೆ ಪ್ರೀತಿ. ಜ್ವರ ಬಂದ ಕೂಡಲೇ ನಾನು "ಇನ್ನೇನು ಹಣಿ ಮ್ಯಾಲೆ ಒದ್ದಿ ಬಟ್ಟಿ ಹಾಕ್ತಾಳ ನೋಡು" ಎನ್ನುತ್ತಿದ್ದೆ. ಹಾಕಿಯೇ ಹಾಕುತ್ತಿದ್ದಳು. ಡ್ರ್ಯಾಗನ್ ಬಂದಾಗ ಚೈತ್ರಳ ಡಾಕ್ಟರಿಕೆ ಎಚ್ಚರವಾಗುತ್ತಿತ್ತು. ಇಷ್ಟು ದೊಡ್ಡ ಮೈಗೆ ಇಷ್ಟು ಸಣ್ಣ ರೆಕ್ಕೆ ಸಾಲದು ಅತ್ತೆ, ಎದೆಯ ಮೂಳೆ ಹೀಗಿರಬೇಕಿತ್ತು ಎಂದು ಬೆರಳಿನಿಂದ ನನ್ನ ಬೆನ್ನ ಮೇಲೇ ಚಿತ್ರ ಬರೆದು ತೋರಿಸುವಳು. ಕೆಲವು ಕಡೆ ಮಾತು ನಿಲ್ಲಿಸಿ, ಪರಪರ ಹಾಳೆ ತಿರುಗಿಸಿ, "ಆಮೇಲೆ… ಬೆಳಗಾಯ್ತು ಅತ್ತೆ" ಅನ್ನುವಳು.

"ಬೆಳಗಾಗೂದಕ್ಕ ನಾಕು ಹಾಳಿ ಬೇಕಾತೇನು? ಸಪ್ಪಳ ಕೇಳಿಸ್ತು ನನಗ."

"ಅತ್ತೇ!" ಎಂದು ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುವಳು. ಮುಖ ಮುಚ್ಚಿಕೊಂಡದ್ದು ನನಗೆ ಕಾಣದು, ದನಿಯಿಂದ ತಿಳಿಯುತ್ತಿತ್ತು. ಸಂಜೆ ಪ್ರಸನ್ನನ ಫೋನು ಬಂದರೆ "ಆರಾಮಿದೀನಿ, ಆಮ್ಯಾಲೆ ಮಾಡಪಾ, ಯುದ್ಧ ನಡದೇದ" ಎಂದು ಇಟ್ಟುಬಿಡುತ್ತಿದ್ದೆ. ತಾಯಿಗೂ ಹೆಂಡತಿಗೂ ಏನೋ ಜಗಳ ಬಿದ್ದಿದೆ ಎಂದು ಅವನು ಎರಡು ದಿನ ನಿದ್ದೆ ಮಾಡಲಿಲ್ಲವಂತೆ.

ಹಾಗೆ ನಗುನಗುತ್ತಲೇ ಒಂದು ದಿನ ತಪಾಸಣೆಗೆ ಹೋದೆವು. ಡಾಕ್ಟರು ಬಹಳ ಹೊತ್ತು ನೋಡಿದರು. ಪದರ ಮೇಲೆಲ್ಲ ಅಂಟಿದೆ, ಕೆಳಗೊಂದು ಕಡೆ ಇನ್ನೂ ಅಂಟಿಲ್ಲ, ಕಾದು ನೋಡೋಣ, ಆಗದಿದ್ದರೆ ಮತ್ತೆ ಆಪರೇಷನ್, ದೃಷ್ಟಿ ಎಷ್ಟು ಬರುತ್ತದೆಂದು ಈಗಲೇ ಹೇಳಲಾರೆ ಎಂದರು. ಮೆಲ್ಲಗೆ, ಮರ್ಯಾದೆಯಿಂದ ಹೇಳಿದರು. ಮರ್ಯಾದೆಯಿಂದ ಹೇಳಿದ್ದಕ್ಕೇ ಭಯವಾಯಿತು.

ವಾಪಸು ಬರುವಾಗ ಹೆಬ್ಬಾಳದ ಫ್ಲೈಓವರಿನ ಮೇಲೆ ಕ್ಯಾಬು ಅಲ್ಲಾಡದೆ ನಿಂತಿತು. ನಾನು ಮುಂದಿನ ಸೀಟಿಗೆ ಹಣೆಯೊತ್ತಿ ಕೂತಿದ್ದೆ. ಚೈತ್ರ ಕೆರೆಯಲ್ಲಿ ಹಕ್ಕಿಗಳು ಇಳಿದಿವೆ ಅತ್ತೆ, ಹೆಜ್ಜಾರ್ಲೆ, ಒಂದು ರೆಕ್ಕೆ ಒಣಗಿಸ್ತಾ ಇದೆ ಎಂದೆಲ್ಲ ಹೇಳುತ್ತಿದ್ದಳು. ನನ್ನ ಕಿವಿಗೆ ಹೋಗಲಿಲ್ಲ.

"ಕಣ್ಣು ಬರಲಿಲ್ಲಂದ್ರ ನಾ ಏನು ಮಾಡಲಿ ಚೈತ್ರಾ? ನನಗ ಬ್ಯಾರೆ ಏನೂ ಬರೂದಿಲ್ಲಲ್ಲ" ಎಂದೆ.

ಬರತ್ತೆ ಬಿಡಿ ಅತ್ತೆ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಹಿಂದೆ ಮುಂದೆ ಹಾರನ್ನುಗಳು. ಆಮೇಲೆ, "ನಮ್ಮಮ್ಮಂಗೂ ಇದೇ ಥರ ಓದಿ ಹೇಳ್ತಿದ್ದೆ" ಎಂದಳು.

ಅವಳ ತಾಯಿ ಇಲ್ಲವೆಂದು ಗೊತ್ತಿತ್ತು. ಹೇಗೆ ಹೋದರೆಂದು ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಆ ದಿನ ಹೇಳಿದಳು. ಅವಳು ಪಿಯುಸಿ ಓದುವಾಗ ತಾಯಿಗೆ ಮೂತ್ರಪಿಂಡ ಸೋತಿತ್ತು. ವಾರಕ್ಕೆ ಇಷ್ಟು ಸಲ ಎಂದು ಆಸ್ಪತ್ರೆ, ಹೋದರೆ ಇಡೀ ಬೆಳಗು ಮೆಷಿನ್ನಿನ ಪಕ್ಕ. ಗೆಳತಿಯೊಬ್ಬಳು ಕೊಟ್ಟ ಪುಸ್ತಕ ಕೈಯಲ್ಲಿತ್ತು. ಹಕ್ಕಿಗಳ ಮಾತು ಬಲ್ಲ ಅರಸುಮಗಳು, ಅವಳನ್ನು ಕೊಲ್ಲಲು ಬಂದು ಅವಳ ಕಾವಲಿಗೇ ನಿಂತ ಹುಡುಗ. ತಾಯಿ, ಅದರಾಗೇನೈತೆ ಹೇಳು ಎಂದರಂತೆ. ಹೇಳತೊಡಗಿದಳು. ಎರಡನೇ ಭಾಗದ ಕೊನೆಗೆ ಆ ಹುಡುಗ ಶಾಪ ತಗುಲಿ ಕಲ್ಲಾಗಿ ನಿಂತ. ಮೂರನೆಯದು ಇನ್ನೂ ಬಂದಿರಲಿಲ್ಲ.

ಚೈತ್ರ ತಾಯಿಯ ದನಿ ತೆಗೆದು ಹೇಳಿದಳು: "'ಅದೆಂಗಮ್ಮೀ, ಆ ಉಡ್ಗ ಇಂಗೇ ಕಲ್ಲಾಗೇ ಇದ್ಬುಡ್ತಾನಾ? ಬುಕ್ ಬಂದೇಟ್ಗೆ ತಕ್ಕೊಂಬಾ.' ದಿನಾ ಕೇಳ್ತಿದ್ಲು. ಬುಕ್ ಬಂತು ಅತ್ತೆ. ಅಷ್ಟೊತ್ತಿಗೆ ಅಮ್ಮ ಇರ್ಲಿಲ್ಲ. ತಗೊಂಡೆ. ತೆಗೆದೇ ಇಲ್ಲ ಇನ್ನೂ."

ಜನ್ಮವಿಡೀ ಬಿಟ್ಟುಹೋದ ಹಕಾರಗಳನ್ನು ಕೆಂಪು ಶಾಯಿಯಲ್ಲಿ ಸೇರಿಸಿದವಳು ನಾನು. ಆ ಹೆಣ್ಣುಮಗಳ ಮಾತಿನಲ್ಲಿ ಸೇರಿಸಬೇಕಾದ್ದು ಒಂದೂ ಕಾಣಲಿಲ್ಲ. ಕೈ ತಡಕಿ ಚೈತ್ರಳ ಕೈ ಹಿಡಿದೆ.

"ಎಲ್ಲೇದ ಆ ಪುಸ್ತಕ?"

"ನನ್ ಸೂಟ್‌ಕೇಸಲ್ಲಿ."

"ನಾಳೆ ತಗಿ. ನನಗ ಮೊದಲೆರಡು ಭಾಗ ಹೇಳು, ಆಮ್ಯಾಲೆ ಅದನ್ನ ಓದೋಣು. ಆ ಹುಡುಗ ಏನಾದ ನನಗೂ ಗೊತ್ತಾಗಬೇಕು."

ಕ್ಯಾಬು ಮುಂದೆ ಸರಿಯಿತು.

ಮರುದಿನ ಬೆಳಿಗ್ಗೆ ಸೂಟ್‌ಕೇಸಿನ ಜಿಪ್ಪು ಎಳೆದ ಸದ್ದು ಕೇಳಿಸಿತು. ಮೊದಲೆರಡು ಭಾಗಗಳನ್ನು ಅವಳು ಪುಸ್ತಕವಿಲ್ಲದೆಯೇ ಹೇಳಿದಳು, ಅಷ್ಟು ಬಾಯಿಪಾಠ. ಹೇಳುವಾಗ ತಾಯಿ ಎಲ್ಲೆಲ್ಲಿ ಏನೇನು ಅಂದಿದ್ದರೋ ಅದನ್ನೂ ಸೇರಿಸಿ ಹೇಳುತ್ತಿದ್ದಳು. ಇಲ್ಲಿ ಅಮ್ಮ ಬೈದಿದ್ಲು ಅತ್ತೆ. ಇಲ್ಲಿ ಅಮ್ಮ, ಈ ರಾಣಿಗೆ ಒಂದ್ ತಟ್ಟೆ ಸೊಪ್ಸಾರು ಮುದ್ದೆ ಇಕ್ಕಿದ್ರೆ ಸರಿ ಓಯ್ತಾಳೆ ಅಂದಿದ್ಲು. ನಾನು ನೋಡದ ಒಬ್ಬ ಬೀಗಿತ್ತಿ ನಮ್ಮ ಜೊತೆ ಕೂತು ಕೇಳುತ್ತಿದ್ದಂತಿತ್ತು. ಮೂರನೆಯದನ್ನು ತೆರೆದ ದಿನ ಮೊದಲ ಹಾಳೆಯನ್ನು ಎರಡು ಸಲ ತಿರುಗಿಸಿದ ಸಪ್ಪಳ ಕೇಳಿಸಿತು. ನಾನು ದಿಂಬಿನಲ್ಲಿ ಹಣೆ ಒತ್ತಿ ಮಲಗಿದ್ದೆ.

ಹುಡುಗ ಎಷ್ಟು ಬೇಗ ಎದ್ದನೆಂದರೆ ನಮಗಿಬ್ಬರಿಗೂ ನಂಬಿಕೆಯಾಗಲಿಲ್ಲ. ಮೊದಲ ಅಧ್ಯಾಯ ಮುಗಿಯುವುದರೊಳಗೆ ಅರಸುಮಗಳ ಕಣ್ಣೀರು ಬಿದ್ದು ಕಲ್ಲು ಕರಗಿತು. ಆಮೇಲಿನ ಅಷ್ಟೂ ಪುಟ ಸಂಧಾನ, ಮದುವೆ, ಯಾರಿಗೆ ಯಾವ ರಾಜ್ಯ ಎಂಬ ಪಾಲುಪಟ್ಟಿ. ನಡುವೆ ಒಂದು ಹಕ್ಕಿಯೂ ಮಾತಾಡಲಿಲ್ಲ. ಕೊನೆಯ ಪುಟ ಮುಗಿಸಿ ಚೈತ್ರ ಪುಸ್ತಕ ಮುಚ್ಚಿದಳು.

"ಇಷ್ಟೇನಾ?" ಎಂದಳು. "ಇದಕ್ಕಾ ನಾನು ಇಷ್ಟ್ ವರ್ಷ ಹೆದ್ರಿ ಕೂತಿದ್ದು?"

"ನಿಮ್ಮವ್ವ ಇದ್ದಿದ್ರ ಏನಂತಿದ್ರು?"

ಮತ್ತೆ ತಾಯಿಯ ಆ ದನಿ ಬಂತು: "'ಥೂ, ಇದ್ನ ಬರ್ದೋಳ ಮನೆ ಕಾಯ್ವಾಗ! ಇಷ್ಟಕ್ಕಾ ನನ್ನ ಕಾಯಿಸಿದ್ಲು?'"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅವಳು ಮಂಚದ ಅಂಚಿಗೆ ತಲೆಯಿಟ್ಟು ಅತ್ತಳು. ನೆಲ ನೋಡುತ್ತ ಮಲಗಿದ್ದ ನನಗೆ ಅವಳ ತಲೆ ಕೈಗೆ ಸಿಕ್ಕಿತು. ಸವರಿದೆ. ಅಳುವಿನ ನಡುವೆ "ನೀನ್ ಅಳ್ಬೇಡ ಅತ್ತೆ, ಕಣ್ಣಿಗ್ ಆಗಲ್ಲ" ಎಂದಳು. ಅಷ್ಟು ದಿನ ನೀವು ಎನ್ನುತ್ತಿದ್ದವಳ ಬಾಯಿಂದ ನೀನು ಬಂದಿತ್ತು. ಅವಳಿಗೆ ಅದು ಗೊತ್ತಾಯಿತೋ ಇಲ್ಲವೋ, ನಾನಂತೂ ಆ ಒಂದು ಕಡೆ ತಿದ್ದಲು ಹೋಗಲಿಲ್ಲ.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಪದರ ಕೂಡಿಕೊಂಡಿದೆ, ಇನ್ನು ತಲೆಯೆತ್ತಬಹುದು ಎಂದರು. ಕಣ್ಣಿನೊಳಗಿನ ಗುಳ್ಳೆ ಇನ್ನೂ ಪೂರ್ತಿ ಕರಗಿರಲಿಲ್ಲ. ನೋಟದ ಕೆಳಗಡೆ ತುಂಬಿದ ಬಿಂದಿಗೆಯ ನೀರಿನಂತೆ ಒಂದು ಗೆರೆ ತುಳುಕಾಡುತ್ತಿತ್ತು, ಗೆರೆಯ ಕೆಳಗೆ ಮಂಜು, ಮೇಲೆ ಬೆಳಕು. ಆ ಬೆಳಕಿನಲ್ಲಿ ಚೈತ್ರಳ ಮುಖ ಕಂಡಿತು. ಅಷ್ಟು ಹತ್ತಿರದಿಂದ ನಾನು ಅವಳನ್ನು ನೋಡಿರಲೇ ಇಲ್ಲ. ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತು. ಕೇಳಿದರೆ, ಸಣ್ಣವಳಿದ್ದಾಗ ಹಸು ಒದ್ದಿದ್ದಂತೆ. ಹಸುವಿನಿಂದ ಒದೆಸಿಕೊಂಡವಳು ಪಶುವೈದ್ಯೆಯಾದಳಲ್ಲ ಎಂದು ಇಬ್ಬರೂ ದಾರಿಯುದ್ದಕ್ಕೂ ನಕ್ಕೆವು. ಮನೆಗೆ ಬಂದವಳೇ ಕರಿ ಕೋಟಿನವನ ಪುಸ್ತಕದ ರಟ್ಟು ತೋರಿಸು ಎಂದೆ. ಯಾವನೋ ಶಾಂಪೂ ಜಾಹೀರಾತಿನ ಹುಡುಗ! ನನ್ನ ಮನಸ್ಸಿನಲ್ಲಿದ್ದವನು ಗದಗಿನ ನಮ್ಮ ಓಣಿಯ ಪೋಸ್ಟ್‌ಮಾಸ್ತರರ ಹಾಗಿದ್ದ, ತೆಳ್ಳಗೆ, ಗಂಭೀರ, ತುಸು ಗೂನು ಬೆನ್ನು. ನನ್ನವನೇ ವಾಸಿ.

ದೃಷ್ಟಿ ಪೂರ್ತಿ ಬರಲಿಲ್ಲ. ಸಾಲುಗಳು ನೀರಿನಡಿಯಲ್ಲಿಟ್ಟ ಹಾಗೆ ನಡುವೆ ತುಸು ಬಾಗುತ್ತವೆ. ಅಚ್ಚುಕೂಟದವರು ದಪ್ಪಕ್ಷರದ ಮಕ್ಕಳ ಪುಸ್ತಕಗಳನ್ನು ಮಾತ್ರ ನನಗೆ ಕಳಿಸುತ್ತಾರೆ, ನಿಧಾನವಾಗಿ ನೋಡಿ ಕೊಡುತ್ತೇನೆ. ಪ್ರಸನ್ನ ಬೆಂಗಳೂರಿಗೆ ವಾಪಸಾಗಿದ್ದಾನೆ. ಚೈತ್ರ ಯಲಹಂಕದ ಕಡೆಯ ಪಶು ಆಸ್ಪತ್ರೆಯಲ್ಲಿ ಡಾಕ್ಟರು. ಈಗ ರೊಟ್ಟಿ ದಪ್ಪವಾಗಿದ್ದರೆ ದಪ್ಪವಾಗಿದೆ ಎನ್ನುತ್ತಾಳೆ, ಮುದ್ದೆಯಲ್ಲಿ ಗಂಟಿದ್ದರೆ ನಾನೂ ಗಂಟಿದೆ ಎನ್ನುತ್ತೇನೆ. ವಾರಕ್ಕೊಂದು ಸಣ್ಣ ಜಗಳ ತಪ್ಪುವುದಿಲ್ಲ.

ಇವತ್ತು ಮಧ್ಯಾಹ್ನ ಕೊರಿಯರಿನವನು ಒಂದು ಪೊಟ್ಟಣ ಕೊಟ್ಟು ಹೋದ. ಚೈತ್ರ ತರಿಸಿದ ಹೊಸ ಕಾದಂಬರಿ. ಬಿಚ್ಚಿ ಕನ್ನಡಕ ಏರಿಸಿದೆ. ಮೊದಲ ಸಾಲು ತುಸು ಬಾಗಿಕೊಂಡೇ ಕಣ್ಣಿಗೆ ಬಂತು: ಒಂದು ಊರು, ಅಲ್ಲಿ ಮಳೆಗೆ ಬೀಗ ಹಾಕಿದ್ದಾರೆ. ನನ್ನ ಇಂಗ್ಲಿಷಿಗೆ ಅಷ್ಟೇನೂ ಕಷ್ಟವಿಲ್ಲ, ತಡಕಾಡಿದರೆ ಸಂಜೆಯೊಳಗೆ ಒಂದು ಅಧ್ಯಾಯ ಮುಗಿಸಬಲ್ಲೆ. ಮುಚ್ಚಿಟ್ಟೆ. ಚಹಾ ಮಾಡಿ ಕುಡಿದೆ. ಸೊಪ್ಪು ಬಿಡಿಸಿದೆ. ಬೀಗ ಹಾಕಿದವರು ಯಾರಿರಬಹುದು ಎಂದು ಯೋಚಿಸಿದೆ. ಮತ್ತೆ ತೆರೆಯಲಿಲ್ಲ.

ಗೇಟಿನ ಸದ್ದಾಯಿತು. ಕೊಟ್ಟಿಗೆಯ ವಾಸನೆ ಹೊತ್ತುಕೊಂಡೇ ಚೈತ್ರ ಒಳಗೆ ಬಂದಳು. ಮೇಜಿನ ಮೇಲಿನ ಪುಸ್ತಕ ನೋಡಿ, ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು.

"ಬಂತಾ! ಅತ್ತೆ, ಓದ್ಬಿಟ್ಯಾ ನೀನು?"

"ಇಲ್ಲವಾ" ಎಂದೆ. "ಕೈಕಾಲು ತೊಳಕೊಂಡು ಬಾ ಲಗೂ."